ಬಾನೆಟ್ ಓರೆಯಾಗಿದ್ದರೆ ಮನೆಯಲ್ಲೇ ಸರಿಮಾಡುವುದು

ಎಲ್ಲರಿಗೂ ನಮಸ್ಕಾರ. ಬಾನೆಟ್ ಒಂದು ಕಡೆ ತಗ್ಗಿದೆ, ಇನ್ನೊಂದು ಕಡೆ ಫೆಂಡರ್‌ಗೆ (ಮುಂದಿನ ಚಕ್ರದ ಮೇಲಿನ ತಗಡು) ಉಜ್ಜುತ್ತಿದೆ ಅಂತ ಹಲವರು ಕೇಳುತ್ತಿದ್ದೀರಿ. ಡಿಕ್ಕಿಯಾಗಿ ತಗಡು ಬಾಗಿದ್ದರೆ ಟಿಂಕರಿಂಗ್‌ಗೇ ಕೊಡಿ. ಇಲ್ಲದಿದ್ದರೆ ಮೊದಲು ನೀವೇ ನೋಡಿ.

ಮುಂದಿನ ಎರಡು ಮೂಲೆಗಳಲ್ಲಿ ರಬ್ಬರ್ ಸ್ಟಾಪರ್ ಇರುತ್ತವೆ. ಬಹಳಷ್ಟು ಕಾರುಗಳಲ್ಲಿ ಕೈಯಲ್ಲೇ ತಿರುಗುತ್ತವೆ. ತಗ್ಗಿದ ಕಡೆಯದನ್ನು ಬಿಚ್ಚುವ ದಿಕ್ಕಿಗೆ ಅರ್ಧ ಸುತ್ತು ತಿರುಗಿಸಿ, ಮುಚ್ಚಿ ನೋಡಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಬಾನೆಟ್ ಮತ್ತು ಫೆಂಡರ್ ನಡುವಿನ ಸಂದು ಎರಡೂ ಕಡೆ ಹೆಚ್ಚುಕಮ್ಮಿ ಇದ್ದರೆ ಹಿಂಜ್ (ಬಾನೆಟ್‌ನ ಹಿಂದಿನ ಕೀಲು) ಬೋಲ್ಟ್‌ಗೆ ಕೈ ಹಾಕಬೇಕು. ಸಾಮಾನ್ಯವಾಗಿ 10 ಅಥವಾ 12ರ ಸ್ಪ್ಯಾನರ್ ಸಾಕು. ಮೊದಲು ಹಿಂಜ್ ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ, ಕೆಟ್ಟರೆ ಹಳೇ ಜಾಗಕ್ಕೆ ತರಬಹುದು. ಫೆಂಡರ್ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಬೋಲ್ಟ್ ಪೂರ್ತಿ ಬಿಚ್ಚಬೇಡಿ, ಜರುಗುವಷ್ಟು ಸಡಿಲಿಸಿ. ಇಬ್ಬರು ಬೇಕೇ ಬೇಕು. ಒಬ್ಬರೇ ಹಿಡಿದರೆ ಬಾನೆಟ್ ಜಾರಿ ಹಿಂದಿನ ಮೂಲೆ ಪೇಂಟ್ ಕೀಳುತ್ತದೆ. ಒಂದೆರಡು ಮಿಲಿಮೀಟರ್ ಜರುಗಿಸಿದರೂ ಮುಂದಿನ ತುದಿಯಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ಲಾಕ್ ಕೊನೆಗೆ. ಕೊಕ್ಕೆ ಸರಿಯಾಗಿ ನಡುವೆ ಇಳಿಯದಿದ್ದರೆ ಮಾತ್ರ ಅದರ ಬೋಲ್ಟ್ ಮುಟ್ಟಿ.

ಇದೊಂದನ್ನು ದಯವಿಟ್ಟು ಯಾರೂ ಬಿಡಬೇಡಿ: ಮುಚ್ಚಿದ ಮೇಲೆ ಒಳಗಿನ ಲಿವರ್ ಎಳೆಯಿರಿ. ಬಾನೆಟ್ ಸ್ವಲ್ಪ ಮೇಲೆದ್ದು ಎರಡನೇ ಕೊಕ್ಕೆಯಲ್ಲಿ ನಿಲ್ಲಬೇಕು, ಕೈಯಲ್ಲಿ ಎತ್ತಿದರೂ ತೆರೆಯಬಾರದು. ನಿಲ್ಲದಿದ್ದರೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ಓಡುವಾಗ ತೆರೆದರೆ ಗಾಜು ಪೂರ್ತಿ ಮುಚ್ಚಿಹೋಗುತ್ತದೆ.

ಸಂಶಯವಿದ್ದವರು ಎರಡೂ ಸಂದು ಕಾಣುವಂತೆ ಎದುರಿನಿಂದ ಫೋಟೋ ತೆಗೆದು ಇಲ್ಲೇ ಹಾಕಿ.