ಮಳೆಯ ಎಚ್ಚರಿಕೆ ಜನರ ಮಾತಿನಲ್ಲಿರಲಿ

ಹವಾಮಾನ ತಜ್ಞರು ಕೊಡುವ ಮಳೆಯ ಎಚ್ಚರಿಕೆ ಜನರಿಗೆ ಅರ್ಥವಾಗುವ ಮಾತಿನಲ್ಲಿರಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 115.6 ಮಿಲಿಮೀಟರ್ ದಾಟಿದರೆ ‘ಅತಿ ಭಾರಿ ಮಳೆ’. ಕಣದಲ್ಲಿ ರಾಗಿ ಹರವಿಕೊಂಡು ಮೋಡ ನೋಡುತ್ತಾ ಕೂತವರಿಗೆ ಈ ಅಂಕಿಯಿಂದ ಏನು ತಿಳಿಯುತ್ತದೆ? ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. 120 ಮಿಲಿಮೀಟರ್ ಎಂದರೆ ಅಷ್ಟೇ ಜಾಗಕ್ಕೆ ಹತ್ತು ಲೀಟರಿನ ಹನ್ನೆರಡು ಬಿಂದಿಗೆ ಸುರಿದ ಹಾಗೆ. ಹೀಗೆ ಹೇಳಿದರೆ ಯಾರಿಗಾದರೂ ತಿಳಿಯುತ್ತದೆ, ಅಲ್ವಾ? ನಮ್ಮ ರೈತರು ‘ಒಂದು ಹದ ಮಳೆ’ ಎಂದು ಮೂರೇ ಪದಗಳಲ್ಲಿ ಹೇಳಿ ಮುಗಿಸುತ್ತಾರೆ.

ಹೇಳಿದ ದಿನ ಮಳೆ ಬಾರದಿದ್ದರೆ ಕಾರಣವನ್ನೂ ತಜ್ಞರು ಮರುದಿನ ತಿಳಿಸಲಿ. ಸುಮ್ನೆ ಇದ್ದರೆ ಮುಂದಿನ ಎಚ್ಚರಿಕೆಯನ್ನು ಜನ ನಂಬುವುದಿಲ್ಲ. ಪ್ರತಿ ಎಚ್ಚರಿಕೆಯ ಜೊತೆಗೆ ‘ಫಸಲು ಒಳಗಿಡಿ, ಹಳ್ಳ ದಾಟಬೇಡಿ’ ಎಂಬಂಥ ಒಂದು ಸಾಲನ್ನೂ ಸೇರಿಸಲಿ.

– ಒಬ್ಬ ಓದುಗ, ತುಮಕೂರು ಜಿಲ್ಲೆ