ವಲಸೆ ಕ್ರಿಕೆಟಿಗ: ಪಾಸ್‌ಪೋರ್ಟ್‌ಗಿಂತ ವಾಸ ದೊಡ್ಡದು

ಮಾನ್ಯರೇ,

ಅಮೆರಿಕ ಕ್ರಿಕೆಟ್ ತಂಡದ ನಾಯಕ ಮೊನಾಂಕ್ ಪಟೇಲ್ ಕುರಿತು ನಿಮ್ಮ ಕ್ರೀಡಾಪುಟದಲ್ಲಿ ಬಂದ ಬರಹದಲ್ಲಿ ಎರಡು ತಪ್ಪುಗಳಿವೆ. ಪಾಸ್‌ಪೋರ್ಟ್ ಬದಲಿಸಿದ್ದರಿಂದ ಅವರಿಗೆ ಆಡುವ ಅರ್ಹತೆ ಸಿಕ್ಕಿತು ಎಂಬುದು ಒಂದು. ಅದೇ ತಂಡದ ಸ್ಪಿನ್ನರ್, ನಮ್ಮ ಕಡೆಯ ನೊಸ್ತುಷ್ ಕೆಂಜಿಗೆ ಅವರನ್ನೂ ವಲಸಿಗರ ಸಾಲಿಗೆ ಸೇರಿಸಿದ್ದು ಇನ್ನೊಂದು. ಶಿವಮೊಗ್ಗದ ನವುಲೆ ಮೈದಾನದ ಸುತ್ತ ಮಕ್ಕಳನ್ನು ನೆಟ್ಸ್‌ಗೆ ಬಿಡಲು ಬರುವ ಅಪ್ಪ-ಅಮ್ಮಂದಿರೂ ಈಗ ಇದನ್ನೇ ನಂಬಿ ಮಾತಾಡುತ್ತಿರುವುದರಿಂದ ಈ ಪತ್ರ.

ಒಬ್ಬ ಆಟಗಾರ ಒಂದು ದೇಶಕ್ಕೆ ಆಡಲು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) ಕೇಳುವುದು ಮೂರರಲ್ಲಿ ಒಂದನ್ನು ಮಾತ್ರ. ಆ ದೇಶದಲ್ಲಿ ಹುಟ್ಟಿರಬೇಕು, ಇಲ್ಲವೇ ಅಲ್ಲಿಯ ಪೌರತ್ವ ಇರಬೇಕು, ಇಲ್ಲವೇ ಹಿಂದಿನ ಮೂರು ವರ್ಷ ಎಡೆಬಿಡದೆ ಅದೇ ಅವನ ಕಾಯಂ ಮನೆಯಾಗಿರಬೇಕು. ಮೂರನೆಯ ದಾರಿ ಹಿಡಿದವನಿಗೆ ಪಾಸ್‌ಪೋರ್ಟ್ ಬದಲಿಸುವ ಪ್ರಶ್ನೆಯೇ ಇಲ್ಲ. ಆನಂದ್‌ನಲ್ಲಿ 1993ರಲ್ಲಿ ಹುಟ್ಟಿ, ಗುಜರಾತ್ ಪರ 16 ಮತ್ತು 19 ವರ್ಷದೊಳಗಿನವರ ತಂಡದಲ್ಲಿ ಆಡಿದ ಮೊನಾಂಕ್ 2016ರಲ್ಲಿ ಅಮೆರಿಕದಲ್ಲಿ ನೆಲೆ ನಿಂತರು. 2019ರ ಏಪ್ರಿಲ್‌ನಲ್ಲಿ ಏಕದಿನ ಪಂದ್ಯಕ್ಕೆ ಇಳಿದರು, 2021ರಲ್ಲಿ ನಾಯಕರಾದರು. ಅವರಿಗಿಂತ ಮೊದಲು ನಾಯಕರಾಗಿದ್ದ ಸೌರಭ್ ನೇತ್ರಾವಲ್ಕರ್ ಮುಂಬೈಯವರು. 2010ರ 19 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ನಮ್ಮ ಕೆ.ಎಲ್. ರಾಹುಲ್ ಜೊತೆ ಭಾರತಕ್ಕೆ ಆಡಿದವರು, 2015ರಲ್ಲಿ ಕಂಪ್ಯೂಟರ್ ಸೈನ್ಸ್ ಓದಲು ಹೋದವರು.

ಕೆಂಜಿಗೆ ಅವರದು ಇದಕ್ಕೆ ತದ್ವಿರುದ್ಧ. ಮನೆತನ ಚಿಕ್ಕಮಗಳೂರಿನ ಕಾಫಿ ತೋಟದ್ದು, ಬೆಳೆದದ್ದು ಭಾರತದಲ್ಲಿ. ಆದರೆ ಹುಟ್ಟಿದ್ದು 1991ರಲ್ಲಿ ಅಲಬಾಮಾದ ಆಬರ್ನ್‌ನಲ್ಲಿ. ಹಾಗಾಗಿ ಐಸಿಸಿ ಲೆಕ್ಕದಲ್ಲಿ ಅವರು ಹುಟ್ಟಿನಿಂದಲೇ ಅಮೆರಿಕದವರು. ಮಲೆನಾಡಿನ ಮಾತು ಗೊತ್ತಿರುವವನು ‘ಸ್ಥಳೀಯ’, ಗುಜರಾತಿನ ನಾಯಕ ‘ವಲಸಿಗ’! ಕೇಳಲು ತಮಾಷೆ ಅನಿಸಿದರೂ ನಿಯಮ ಇರುವುದೇ ಹೀಗೆ.

ಎಡವುವುದು ಎಲ್ಲಿ ಅಂದರೆ ಕಾಯುವ ಅವಧಿಯಲ್ಲಿ. ಭಾರತದಂಥ ಪೂರ್ಣ ಸದಸ್ಯ (ಟೆಸ್ಟ್ ಆಡುವ) ದೇಶಕ್ಕೆ ಹಿರಿಯರ ಮಟ್ಟದಲ್ಲಿ ಒಮ್ಮೆ ಆಡಿದವನು ಬೇರೆ ದೇಶಕ್ಕೆ ಆಡಬೇಕೆಂದರೆ ಕೊನೆಯ ಪಂದ್ಯದಿಂದ ಮೂರು ವರ್ಷ ಸುಮ್ಮನಿರಬೇಕು. 36 ಎಸೆತಗಳಲ್ಲಿ ಏಕದಿನ ಶತಕ ಬಾರಿಸಿದ್ದ ನ್ಯೂಜಿಲೆಂಡ್‌ನ ಕೋರಿ ಆಂಡರ್ಸನ್ ತನ್ನ ದೇಶಕ್ಕೆ ಕೊನೆಯದಾಗಿ ಆಡಿದ್ದು 2018ರಲ್ಲಿ, ಅಮೆರಿಕದ ಪರ ಕಣಕ್ಕಿಳಿದದ್ದು 2024ರಲ್ಲಿ. ಕ್ರಿಕೆಟ್‌ನ ಸಣ್ಣ (ಸಹ ಸದಸ್ಯ) ದೇಶದಿಂದ ದೊಡ್ಡ (ಪೂರ್ಣ ಸದಸ್ಯ) ದೇಶಕ್ಕೆ ಹೋಗುವವನಿಗೆ ಮಾತ್ರ ಈ ಕಾಯುವಿಕೆ ಇಲ್ಲ. 2009ರಲ್ಲಿ, ಆಗಿನ್ನೂ ಸಹ ಸದಸ್ಯನಾಗಿದ್ದ ಐರ್ಲೆಂಡ್‌ಗೆ ಆಡುತ್ತಿದ್ದ ಇಯಾನ್ ಮಾರ್ಗನ್ ಅದೇ ವರ್ಷ ಇಂಗ್ಲೆಂಡ್ ಜೆರ್ಸಿ ತೊಟ್ಟರು, ಹತ್ತು ವರ್ಷಕ್ಕೆ ನಾಯಕನಾಗಿ ವಿಶ್ವಕಪ್ ಎತ್ತಿದರು. ಇದು ಅನ್ಯಾಯದ ನಿಯಮ ಎಂದು ಹೇಳಲು ಹಿಂಜರಿಯಬೇಕಿಲ್ಲ.

ಉನ್ಮುಕ್ತ್ ಚಂದ್ ಕಥೆ ಇನ್ನೂ ಕಷ್ಟದ್ದು. ಭಾರತದಲ್ಲಿ ಆಡುತ್ತಿರುವವರನ್ನು ಬಿಸಿಸಿಐ ವಿದೇಶಿ ಲೀಗ್‌ಗಳಿಗೆ ಬಿಡುವುದಿಲ್ಲ. 2012ರಲ್ಲಿ ಕಿರಿಯರ ವಿಶ್ವಕಪ್ ಗೆದ್ದುಕೊಟ್ಟ ನಾಯಕ 2021ರಲ್ಲಿ ಇಲ್ಲಿ ನಿವೃತ್ತಿ ಘೋಷಿಸಿಯೇ ಅಮೆರಿಕಕ್ಕೆ ಹೊರಡಬೇಕಾಯಿತು. ಆದರೂ 2024ರ ಟಿ20 ವಿಶ್ವಕಪ್‌ನ ಅಮೆರಿಕ ತಂಡದಲ್ಲಿ ಹೆಸರು ಬರಲಿಲ್ಲ. ಅರ್ಹತೆ ಬೇರೆ, ಆಯ್ಕೆ ಬೇರೆ.

ಇನ್ನು ನಾಯಕತ್ವ. ಅದೇ ವಿಶ್ವಕಪ್‌ನಲ್ಲಿ 2024ರ ಜೂನ್ 6ರಂದು ಡಲ್ಲಾಸ್‌ನಲ್ಲಿ ಪಾಕಿಸ್ತಾನವನ್ನು ಮಣಿಸಿದ್ದನ್ನು ನಿಮ್ಮ ಬರಹ ‘ಅದೃಷ್ಟ’ ಎಂದು ಒಂದೇ ಪದದಲ್ಲಿ ಮುಗಿಸಿದೆ. ಸ್ಕೋರ್ ಶೀಟ್ ನೋಡಿ: ಪಾಕಿಸ್ತಾನ 7 ವಿಕೆಟ್‌ಗೆ 159. ಕೆಂಜಿಗೆ 30 ರನ್‌ಗೆ 3 ವಿಕೆಟ್, ಅದರಲ್ಲಿ ಶಾದಾಬ್ ಮತ್ತು ಅಜಂ ಖಾನ್ ಬೆನ್ನುಬೆನ್ನಿಗೆ. ನೇತ್ರಾವಲ್ಕರ್ 18ಕ್ಕೆ 2. ಮೊನಾಂಕ್ 38 ಎಸೆತಗಳಲ್ಲಿ 50. ಅಮೆರಿಕವೂ 3ಕ್ಕೆ 159. ರನ್ ಸಮ ಆದ್ದರಿಂದ ತಲಾ ಒಂದು ಓವರ್‌ನ ಸೂಪರ್ ಓವರ್. ಎರಡನೆಯದಾಗಿ ಬ್ಯಾಟ್ ಮಾಡಿದ ತಂಡವೇ ಸೂಪರ್ ಓವರ್‌ನಲ್ಲಿ ಮೊದಲು ಆಡಬೇಕು. ಅಮೆರಿಕ 18 ಗಳಿಸಿತು, ಅದರಲ್ಲಿ ಏಳು ರನ್ ವೈಡ್‌ಗಳ ಲೆಕ್ಕದಲ್ಲೇ ಬಂದವು. ಚೆಂಡು ಕೀಪರ್ ಕೈಲಿದ್ದಾಗಲೂ ಬ್ಯಾಟರ್‌ಗಳು ಓಡಿದ್ದರಿಂದ ಒಂದು ವೈಡ್ ಎರಡಾಯಿತು, ಮೂರಾಯಿತು. ಪಾಕಿಸ್ತಾನ 13ಕ್ಕೆ ನಿಂತಿತು. ಇದರಲ್ಲಿ ಅದೃಷ್ಟ ಎಷ್ಟು, ಓಟ ಎಷ್ಟು ಎಂದು ಓದುಗರೇ ಲೆಕ್ಕ ಹಾಕಲಿ.

ಆರು ದಿನದ ನಂತರ ನ್ಯೂಯಾರ್ಕ್‌ನಲ್ಲಿ ಭಾರತದ ಎದುರು ಮೊನಾಂಕ್ ಗಾಯದಿಂದ ಹೊರಗಿದ್ದರು, ಆರನ್ ಜೋನ್ಸ್ ನಾಯಕ. ಒಂದು ಓವರ್ ಮುಗಿದ 60 ಸೆಕೆಂಡ್ ಒಳಗೆ ಮುಂದಿನ ಓವರ್‌ನ ಮೊದಲ ಎಸೆತಕ್ಕೆ ಸಿದ್ಧರಾಗಬೇಕು ಎಂಬ ಗಡಿಯಾರದ ನಿಯಮವನ್ನು ತಂಡ ಮೂರು ಸಲ ಮುರಿಯಿತು. ಎರಡು ಸಲ ಎಚ್ಚರಿಕೆ, ಮೂರನೆಯದಕ್ಕೆ ಐದು ರನ್ ದಂಡ. 30 ಎಸೆತಕ್ಕೆ 35 ಬೇಕಿದ್ದ ಭಾರತಕ್ಕೆ ಕೂತಲ್ಲೇ 30 ಎಸೆತಕ್ಕೆ 30 ಆಯಿತು. ಬೌಲರ್‌ಗೆ ಚೆಂಡು ಕೊಟ್ಟ ಮೇಲೆ ಫೀಲ್ಡ್ ಯೋಚಿಸುವ ನಾಯಕ ಈ ನಿಯಮದಲ್ಲಿ ಬದುಕುವುದಿಲ್ಲ. ಮುಂದಿನ ಬೌಲರ್ ಯಾರು, ಥರ್ಡ್ ಮ್ಯಾನ್ ಎಲ್ಲಿ ಎನ್ನುವುದು ಹಿಂದಿನ ಓವರ್‌ನ ನಾಲ್ಕನೇ ಎಸೆತಕ್ಕೇ ಗೊತ್ತಾಗಿರಬೇಕು. ಇದನ್ನು ನಮ್ಮ ಶಾಲಾ ಟೂರ್ನಿಗಳಲ್ಲೂ ಕೈಗಡಿಯಾರ ಹಿಡಿದು ಅಭ್ಯಾಸ ಮಾಡಿಸಬಹುದು, ಖರ್ಚೇನಿಲ್ಲ.

ಮಲೆನಾಡಿನ ಕೋಚ್‌ಗಳಿಗೆ ಇನ್ನೊಂದು ಮಾತು. ಅಮೆರಿಕದ ಕ್ಲಬ್ ಕ್ರಿಕೆಟ್ ಬಹಳ ಕಡೆ ಮ್ಯಾಟ್ ಅಥವಾ ಸಿಂಥೆಟಿಕ್ ಹಾಸಿನ ಮೇಲೆ ನಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದ ಸಾಗರ, ತೀರ್ಥಹಳ್ಳಿ ಕಡೆಯ ಹುಡುಗರಿಗೆ ಇದು ಹೊಸದೇನಲ್ಲ, ಅವರದೂ ಸಿಮೆಂಟ್ ಮೇಲಿನ ಮ್ಯಾಟೇ. ತೊಂದರೆ ಶುರುವಾಗುವುದು ಟರ್ಫ್‌ಗೆ, ಅಂದರೆ ಹುಲ್ಲು-ಮಣ್ಣಿನ ಪಿಚ್‌ಗೆ ಹೋದಾಗ. ಮ್ಯಾಟ್‌ನಲ್ಲಿ ಗುಡ್ ಲೆಂಗ್ತ್ ಎಸೆತ ಸೊಂಟಕ್ಕೆ ಏಳುವುದರಿಂದ ಹಿಂಗಾಲಲ್ಲೇ ನಿಂತು ಬೀಸುವುದು ರೂಢಿಯಾಗುತ್ತದೆ. ಅದೇ ಎಸೆತ ಟರ್ಫ್‌ನಲ್ಲಿ ಮೊಣಕಾಲಿಗೆ ಬಂದು ಪ್ಯಾಡ್‌ಗೆ ಬಡಿಯುತ್ತದೆ, ಎಲ್‌ಬಿಡಬ್ಲ್ಯು ಔಟ್. ಸ್ಪಿನ್ನರ್‌ಗೂ ಹಾಗೇ: ಮ್ಯಾಟ್ ತಾನೇ ಚೆಂಡನ್ನು ಕಚ್ಚಿ ತಿರುಗಿಸಿಕೊಡುತ್ತದೆ, ಬೆರಳಿಗೆ ಕೆಲಸವೇ ಇರುವುದಿಲ್ಲ. ಮಣ್ಣಿನ ಪಿಚ್ ಮೇಲೆ ಹಾಸುವುದಾದರೆ ಮ್ಯಾಟನ್ನು ನಾಲ್ಕೂ ಕಡೆ ಎಳೆದು ಮೊಳೆ ಹೊಡೆಯಬೇಕು. ಒಂದು ಮಡಿಕೆ ಉಳಿದರೂ ಚೆಂಡು ಅಲ್ಲಿಂದ ಮುಖಕ್ಕೇ ಏಳುತ್ತದೆ.

ಕೊನೆಗೆ, ವಿದೇಶದಲ್ಲಿ ಕೆಲಸದಲ್ಲಿದ್ದಾಗ ಮಕ್ಕಳಾಗಿ ಊರಿಗೆ ಮರಳಿದ ದಂಪತಿಗೆ: ಅಮೆರಿಕದ ಆಸ್ಪತ್ರೆಗಳು ಮಗುವಿನ ಪಾದದ ಗುರುತು ಒತ್ತಿ ಕೊಡುವ ಚಂದದ ಕಾಗದ ನೆನಪಿಗಷ್ಟೇ. ದಾಖಲೆ ಎಂದರೆ ಅಲ್ಲಿಯ ರಾಜ್ಯ ಸರ್ಕಾರ ಕೊಡುವ ಜನನ ಪ್ರಮಾಣಪತ್ರ, ಅದನ್ನು ಜೋಪಾನ ಮಾಡಿ. ವಿದೇಶಿ ಪೌರತ್ವ ಇರುವ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಪೌರತ್ವವಲ್ಲ, ಅದನ್ನು ಹಿಡಿದು ಭಾರತ ತಂಡದ ಆಸೆ ಇಟ್ಟುಕೊಳ್ಳಲಾಗದು. ಭಾರತದಲ್ಲಿ ದ್ವಿಪೌರತ್ವವೂ ಇಲ್ಲ. ಮಗ ಯಾವ ಕಡೆ ಆಡಬೇಕು ಎಂಬುದನ್ನು ಹದಿನೆಂಟು ತುಂಬುವ ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.

– ಒಬ್ಬ ಕ್ರಿಕೆಟ್ ಸ್ಕೋರರ್, ವಿನೋಬನಗರ, ಶಿವಮೊಗ್ಗ