ನಿಮ್ಮಪ್ಪನ ಮೂರು ಪೆಗ್ಗಿನ ಬಗ್ಗೆ

ಪ್ರೀತಿಯ ಮಂಜು,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. "ಅಪ್ಪ ಕುಡಿಯೋದು ಮೊದಲಿನಷ್ಟೇ ಕಣೋ, ರಾತ್ರಿ ಮೂರು ಪೆಗ್ಗು. 30 ವರ್ಷದಿಂದ ಏನೂ ಆಗಿಲ್ಲ, ಈಗೇನಾಗುತ್ತೆ?" ನಾನು ಪಿಎಚ್‌ಡಿಗೆ ಹಿಡಿದು ಕೂತಿರುವುದೂ ಇದೇ ಪ್ರಶ್ನೆಯನ್ನು. ಅವತ್ತು ಸರಿಯಾಗಿ ಉತ್ತರ ಕೊಡಲಿಲ್ಲ.

ನಮ್ಮ ಲ್ಯಾಬಿನಲ್ಲಿ ಎರಡು ಗುಂಪು ಇಲಿಗಳಿವೆ. ಕೆಲವು 3 ತಿಂಗಳಿನವು. ಉಳಿದವು 20 ತಿಂಗಳಿನವು, ಮನುಷ್ಯರ ಲೆಕ್ಕದಲ್ಲಿ ಸುಮಾರು ಅರವತ್ತು ದಾಟಿದ ಹಾಗೆ. ಎರಡಕ್ಕೂ 10 ದಿನ ಆಲ್ಕೋಹಾಲ್ ಬೆರೆಸಿದ ಒಂದೇ ಆಹಾರ. ಆಮೇಲೆ ಲಿವರಿನ ತೆಳು ಪದರಕ್ಕೆ ಕೊಬ್ಬನ್ನಷ್ಟೇ ಕೆಂಪಾಗಿಸುವ ಬಣ್ಣ ಹಾಕಿ ಮೈಕ್ರೋಸ್ಕೋಪಿನಡಿ ಇಡುತ್ತೇನೆ. ಎಳೆಯದರಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ. ಮುದಿಯದರಲ್ಲಿ ದಾಳಿಂಬೆ ಬಿಡಿಸಿಟ್ಟ ಹಾಗೆ, ಕಾಳಿಗೆ ಕಾಳು ಒತ್ತಿಕೊಂಡು ಕೊಬ್ಬು. ಮೊದಲ ಸಲ ನೋಡಿದಾಗ ನನಗೆ ನಿಮ್ಮಪ್ಪನೇ ನೆನಪಾದರು.

ಒಂದು ಪೆಗ್ಗು, ಅಂದರೆ 30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಲಿವರ್ ಅದನ್ನು ಮೊದಲು ಅಸಿಟಾಲ್ಡಿಹೈಡ್ ಮಾಡುತ್ತದೆ. ಅದು ವಿಷ. ಆಮೇಲೆ ಅದನ್ನೂ ಒಡೆದು ಹೊರಗೆ ಹಾಕಬೇಕು. ವಯಸ್ಸಾದಂತೆ ಲಿವರ್ ಕುಗ್ಗುತ್ತದೆ, ಅದಕ್ಕೆ ಹರಿಯುವ ರಕ್ತ ಕಡಿಮೆಯಾಗುತ್ತದೆ, ಕೆಟ್ಟ ಜೀವಕೋಶಗಳ ಜಾಗಕ್ಕೆ ಹೊಸವು ಬರುವುದೂ ನಿಧಾನ. ಮೈಯಲ್ಲಿ ನೀರಿನಂಶವೂ ಇಳಿಯುವುದರಿಂದ ಅದೇ ಮೂರು ಪೆಗ್ಗು ರಕ್ತದಲ್ಲಿ ಜಾಸ್ತಿ ಏರುತ್ತದೆ. ಅಳತೆ ಮೊದಲಿನದೇ ಇರಬಹುದು, ಮೈ ಮೊದಲಿನದಲ್ಲ ಅಲ್ವಾ?

"ಹೊಟ್ಟೆ ನೋವೇನಿಲ್ಲ" ಅಂತಾರೆ ಅಂದೆಯಲ್ಲ, ಅದನ್ನು ನಂಬಿಕೊಂಡು ಕೂರಬೇಡ. ಲಿವರಿನ ಒಳಗೆ ನೋವು ತಿಳಿಸುವ ನರಗಳೇ ಇಲ್ಲ. ಕಾಲು ಊದಿ, ಕಣ್ಣು ಹಳದಿಯಾಗುವ ಹೊತ್ತಿಗೆ ತುಂಬಾ ದೂರ ಹೋಗಿರುತ್ತದೆ.

ಈ ವಾರವೇ ಎಲ್‌ಎಫ್‌ಟಿ, ಅಂದರೆ ಲಿವರ್ ಹೇಗಿದೆ ಅಂತ ನೋಡುವ ರಕ್ತಪರೀಕ್ಷೆ ಮಾಡಿಸು, ಹೊಟ್ಟೆಯ ಸ್ಕ್ಯಾನಿಂಗೂ ಆಗಲಿ. ಬರೀ ಕೊಬ್ಬು ಕಟ್ಟಿದ್ದರೆ ಕುಡಿಯುವುದು ಬಿಟ್ಟ ಕೆಲವೇ ವಾರಗಳಲ್ಲಿ ಕರಗುತ್ತದೆ. ಗಾಯದ ಗಂಟು ಕಟ್ಟಿದ್ದರೆ ಅಷ್ಟು ಸುಲಭವಲ್ಲ. ಮಂಡಿನೋವಿಗೆ ಪ್ಯಾರಾಸಿಟಮಾಲ್ ನುಂಗುತ್ತಾರಲ್ಲ, ಅದನ್ನೂ ಡಾಕ್ಟರಿಗೆ ಮರೆಯದೆ ಹೇಳು. ಎರಡೂ ಸೇರಿದರೆ ಲಿವರಿಗೆ ಪೆಟ್ಟು. ಮತ್ತೆ ಬಾಟಲಿ ಕಿತ್ತುಕೊಂಡು ಒಂದೇ ದಿನಕ್ಕೆ ಬಿಡಿಸಲು ಹೋಗಬೇಡ. 30 ವರ್ಷದ ಅಭ್ಯಾಸ, ಕೈ ನಡುಗಬಹುದು, ಫಿಟ್ಸ್ ಬರಬಹುದು. ಡಾಕ್ಟರು ಹೇಳಿದ ಹಾಗೆಯೇ ಆಗಲಿ.

ನಾವು ಹೈಸ್ಕೂಲಲ್ಲಿದ್ದಾಗ ಮಳೆಯಲ್ಲಿ ಇಬ್ಬರನ್ನೂ ಲೂನಾ ಮೇಲೆ ಕೂರಿಸಿಕೊಂಡು ಮನೆಗೆ ಬಿಟ್ಟವರು ಅವರು. ರಿಪೋರ್ಟ್ ಬಂದ ಕೂಡಲೇ ಫೋಟೊ ಕಳಿಸು. ಎಷ್ಟು ಹೊತ್ತಾದರೂ ಎದ್ದು ನೋಡುತ್ತೇನೆ.

ನಿನ್ನ ಗೆಳೆಯ